ಬ್ರೌಸರ್ ಕಟ್ಟುವವರು ಕನ್ನಡದಲ್ಲಿ ಬ್ಲಾಗ್ ಬರೆಯಬೇಕಾ?

ಪ್ರಶ್ನೆ: ಮಗಳು ಪುಣೆಯಲ್ಲಿ ಬ್ರೌಸರ್ ತಯಾರಿಸುವ ಕೆಲಸಕ್ಕೆ ಸೇರಿದ್ದಾಳೆ. ಬ್ರೌಸರ್ ಎಲ್ಲರಿಗೂ ಪುಕ್ಕಟೆ ಸಿಗುತ್ತದಲ್ಲ, ಮತ್ತೆ ಸಂಬಳ ಎಲ್ಲಿಂದ ಬರುತ್ತದೆ? ರಾತ್ರಿ ಯಾವಾಗ ಫೋನ್ ಮಾಡಿದರೂ ಮೀಟಿಂಗ್ ಅನ್ನುತ್ತಾಳೆ. ದಿನವಿಡೀ ಮಾಡುವುದಾದರೂ ಏನು?
– ಒಬ್ಬ ತಾಯಿ, ಡೊಂಬಿವಲಿ

ಸಂಬಳದ ಚಿಂತೆ ಬಿಡಿ ಅಮ್ಮಾ. ದುಡ್ಡು ಬರುವುದು ಹೆಚ್ಚಾಗಿ ಹುಡುಕಾಟದಿಂದ. ಬ್ರೌಸರ್ ತೆರೆದು ನೀವು ‘ಮಾಟುಂಗಾ ಇಡ್ಲಿ’ ಅಂತ ಟೈಪ್ ಮಾಡಿದರೆ ಅದು ಯಾವ ಸರ್ಚ್ ಎಂಜಿನ್‌ಗೆ ಹೋಗಬೇಕು? ಆ ಜಾಗಕ್ಕೆ ಬೆಲೆ ಇದೆ. ಫೈರ್‌ಫಾಕ್ಸ್ ಬ್ರೌಸರ್ ನಡೆಸುವ ಮೊಜಿಲ್ಲಾದ ಆದಾಯದ ಬಹುಪಾಲು ಗೂಗಲ್ ಕೊಡುವ ಹಣವೇ. ಆಪಲ್‌ನ ಸಫಾರಿ ಬ್ರೌಸರಿನಲ್ಲಿ ಆ ಜಾಗಕ್ಕಾಗಿ 2022ರಲ್ಲಿ ಗೂಗಲ್ ಆಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿತ್ತು ಅಂತ ಅಮೆರಿಕದ ಕೋರ್ಟ್ ಕೇಸಿನಲ್ಲಿ ಹೊರಬಂತು. ಕ್ರೋಮ್ ಅಂತೂ ಗೂಗಲ್‌ನದ್ದೇ.

ಕೆಲಸ ಅಂದರೆ ಮುಕ್ಕಾಲು ಪಾಲು ಓದುವುದು. ಯಾರೋ ಒಬ್ಬರು ‘ಈ ಪುಟ ತೆರೆದರೆ ಅಕ್ಷರ ಮೇಲೆ ಕೆಳಗೆ ಆಗುತ್ತಿದೆ’ ಅಂತ ದೂರು ಬರೆದಿರುತ್ತಾರೆ. ಅದು ಯಾಕೆ ಆಗುತ್ತಿದೆ ಅಂತ ಲಕ್ಷಾಂತರ ಸಾಲುಗಳ ಕೋಡಿನಲ್ಲಿ ಹುಡುಕಬೇಕು, ಸಿಕ್ಕಿದ ಮೇಲೆ ಎರಡೇ ಸಾಲು ತಿದ್ದಿ, ಆ ಎರಡು ಸಾಲಿನಿಂದ ಬೇರೆಲ್ಲೂ ಏನೂ ಕೆಟ್ಟಿಲ್ಲ ಅಂತ ತೋರಿಸೋಕೆ ಪರೀಕ್ಷೆಗಳನ್ನು ಬರೆಯಬೇಕು. ಇನ್ನೊಬ್ಬರು ನೋಡಿ ಒಪ್ಪದೆ ಒಂದು ಸಾಲೂ ಒಳಗೆ ಸೇರುವುದಿಲ್ಲ. ಆ ಇನ್ನೊಬ್ಬರು ಕ್ಯಾಲಿಫೋರ್ನಿಯಾದಲ್ಲಿದ್ದರೆ ನಮಗೆ ರಾತ್ರಿ ಒಂಬತ್ತಾದಾಗ ಅವರಿಗೆ ಬೆಳಗ್ಗೆ. ಮಗಳ ಮೀಟಿಂಗ್ ನಿಜವಾದದ್ದೇ. ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡಿ ನೋಡಿ.

ಪ್ರಶ್ನೆ: ಅಕ್ಕಾ, ನಾನು ಬ್ರೌಸರಿನಲ್ಲಿ ಅಕ್ಷರ ಜೋಡಣೆಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕೆಲಸದ ಬಗ್ಗೆಯೂ ಮನೆ, ಊರಿನ ಬಗ್ಗೆಯೂ ಕನ್ನಡದಲ್ಲಿ ಬ್ಲಾಗ್ ಬರೆಯುವ ಆಸೆ. ಗೆಳೆಯರು ‘ಇಂಗ್ಲಿಷಿನಲ್ಲಿ ಬರಿ, ಕನ್ನಡದಲ್ಲಿ ಯಾರು ಓದುತ್ತಾರೆ’ ಅನ್ನುತ್ತಾರೆ. ಆಫೀಸಿನವರು ತಕರಾರು ಮಾಡಿದರೆ ಅನ್ನುವ ಭಯವೂ ಇದೆ.
– ಓದುಗ, ಹಿಂಜವಡಿ, ಪುಣೆ

ಬರೀರಿ. ಕನ್ನಡದಲ್ಲೇ ಬರೀರಿ. ನಿಮ್ಮ ವಿಭಾಗದವರಂತೂ ಬರೆಯಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂದರೆ, ಕನ್ನಡದ ತೊಂದರೆ ಕಣ್ಣಿಗೆ ಬೀಳುವುದು ದಿನಾ ಕನ್ನಡ ಬರೆಯುವವರಿಗೆ ಮಾತ್ರ. ‘ಸ್ತ್ರೀ’ ಅನ್ನುವ ಒಂದೇ ಅಕ್ಷರ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಅದು ಆರು ಸಂಕೇತ: ಸ, ವಿರಾಮ (್), ತ, ವಿರಾಮ, ರ, ಈಕಾರ. ಈ ಆರನ್ನೂ ಹಾರ್ಫ್‌ಬಝ್ ಅನ್ನುವ ತಂತ್ರಾಂಶ ಫಾಂಟಿನ ನಿಯಮ ನೋಡಿ ಒಂದು ರೂಪಕ್ಕೆ ತರುತ್ತದೆ, ಕ್ರೋಮ್, ಫೈರ್‌ಫಾಕ್ಸ್ ಎರಡೂ ಬಳಸುವುದು ಅದನ್ನೇ. ಇದೆಲ್ಲ ನಿಮಗೆ ಗೊತ್ತು. ಆದರೆ ಆ ಅಕ್ಷರವನ್ನು ಒಂದು ಬಟನ್ ಒಳಗೆ ಹಾಕಿ ನೋಡಿ. ಇಂಗ್ಲಿಷಿಗೆ ಲೆಕ್ಕ ಹಾಕಿ ಸಾಲಿನ ಎತ್ತರ ಇಟ್ಟವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ, ನಮ್ಮ ಒತ್ತಕ್ಷರದ ಕಾಲು ಮಾತ್ರ ಕತ್ತರಿಸಿ ಹೋಗಿರುತ್ತದೆ. ‘ಸೂರ್ಯ’ದಲ್ಲಿ ‘ರ’ ಒಳಗೆ ಮೊದಲು ಕೂತಿದೆ, ಕಣ್ಣಿಗೆ ಅರ್ಕಾವತ್ತಾಗಿ ‘ಯ’ ಆದ ಮೇಲೆ ಕಾಣುತ್ತದೆ. ಹಾಗಾದರೆ ಕರ್ಸರ್ ಎಲ್ಲಿ ನಿಲ್ಲಬೇಕು? ಬ್ಯಾಕ್‌ಸ್ಪೇಸ್ ಒತ್ತಿದರೆ ಪೂರ್ತಿ ಅಕ್ಷರ ಹೋಗಬೇಕಾ, ತುಂಡು ತುಂಡಾಗಿ ಹೋಗಬೇಕಾ? ‘ರ‍್ಯಾಂಕ್’ ಅಂತ ಬರೆಯೋಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಬೇಕು, ಯಾವುದೋ ಜಾಲತಾಣ ಕಾಣದ ಸಂಕೇತಗಳನ್ನೆಲ್ಲ ಕಸ ಅಂತ ತೆಗೆದುಹಾಕಿದರೆ ಅದು ‘ರ್ಯಾಂಕ್’ ಆಗಿಬಿಡುತ್ತದೆ. ಪರೀಕ್ಷೆಗೆ ಅಂತ ಹಾಕಿದ ನಾಲ್ಕು ಪದಗಳಲ್ಲಿ ಇದು ಯಾವುದೂ ಸಿಗಲ್ಲ. ಅಮ್ಮನ ಊರಿನ ಬಗ್ಗೆ ಉದ್ದಕ್ಕೆ ಬರೆಯುತ್ತಾ ಹೋದಾಗ ಸಿಗುತ್ತದೆ. ಸಿಕ್ಕ ಕೂಡಲೇ ಚಿತ್ರ ಸಮೇತ ಬರೆದಿಡಿ, ಅದನ್ನೇ ಚಿಕ್ಕದು ಮಾಡಿದರೆ ಬಗ್ (ದೋಷ) ದೂರಿಗೆ ಬೇಕಾದ ಉದಾಹರಣೆ ಸಿದ್ಧ.

ಯಾರು ಓದುತ್ತಾರೆ ಅನ್ನುವವರಿಗೆ ಇಷ್ಟು ಹೇಳಿ: ಈ ವಿಷಯ ಇಂಗ್ಲಿಷಿನಲ್ಲಿ ಬರೆಯೋಕೆ ತುಂಬಾ ಜನ ಇದ್ದಾರೆ. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಕೂತು ‘ನನ್ನ ಮೊಬೈಲಿನಲ್ಲಿ ಅಕ್ಷರ ಯಾಕೆ ಒಡೆಯುತ್ತದೆ’ ಅಂತ ಹುಡುಕುವ ಹುಡುಗಿಗೆ ಕನ್ನಡದಲ್ಲಿ ಉತ್ತರ ಸಿಗಬೇಕಲ್ವಾ?

ಇನ್ನು ಆಫೀಸು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದ ಒಮ್ಮೆ ಓದಿ, ಮ್ಯಾನೇಜರ್‌ಗೆ ಮೊದಲೇ ತಿಳಿಸಿ. ಕ್ರೋಮ್‌ಗೆ ತಳಹದಿಯಾದ ಕ್ರೋಮಿಯಂ, ಫೈರ್‌ಫಾಕ್ಸ್ ಎರಡರ ಕೋಡೂ ಜಗತ್ತಿನ ಮುಂದೆ ತೆರೆದಿದೆ, ಹೆಚ್ಚಿನ ಬಗ್ ಚರ್ಚೆಯೂ ಬಹಿರಂಗ. ಅದರ ಬಗ್ಗೆ ಬರೆದರೆ ಗುಟ್ಟು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಸರಿಪಡಿಸದ ಭದ್ರತಾ ದೋಷದ ಬಗ್ಗೆ ಮಾತ್ರ ಒಂದು ಅಕ್ಷರವೂ ಬೇಡ. ಭದ್ರತಾ ದೋಷ ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಕೂಡ ವಿವರ ಹೊರಹಾಕುವ ಮೊದಲು ದೋಷ ಸರಿಪಡಿಸೋಕೆ ಸಾಮಾನ್ಯವಾಗಿ 90 ದಿನ ಕೊಡುತ್ತದೆ. ಇನ್ನೂ ಬಿಡುಗಡೆ ಆಗದ ಸಂಗತಿ, ಜೊತೆಯವರ ಹೆಸರು, ಆಫೀಸಿನ ಜಗಳ ಇವೂ ಬೇಡ. ಮನೆಯವರ ಬಗ್ಗೆ ಬರೆಯುವಾಗ ಅವರನ್ನು ಕೇಳಿಯೇ ಬರೀರಿ, ಮಕ್ಕಳ ಫೋಟೋ ಹಾಕದಿದ್ದರೆ ಒಳ್ಳೆಯದು.

ಎಲ್ಲಿ ಬರೆಯಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ವಂತ ಜಾಲತಾಣದ ವಿಳಾಸ (ಡೊಮೇನ್) ಕೊಂಡುಕೊಳ್ಳಿ. 2009ರಲ್ಲಿ ಜನ ಪುಕ್ಕಟೆ ಪುಟ ಇಡುತ್ತಿದ್ದ ತನ್ನ ಜಿಯೋಸಿಟೀಸ್ ತಾಣವನ್ನು ಯಾಹೂ ಮುಚ್ಚಿದಾಗ ಎಷ್ಟೊಂದು ಜನರ ಪುಟಗಳು ಹೋದವು. ಬ್ಲಾಗುಗಳ ಹೊಸ ಬರಹಗಳನ್ನು ತಾನಾಗಿ ತಲುಪಿಸುವ ಪಟ್ಟಿಗೆ ಫೀಡ್ ಅನ್ನುತ್ತಾರೆ; ಅದನ್ನು ಓದಿಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ನಿಂತಿತು. 2018ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್ ಕೂಡ ಫೀಡ್ ಓದುವ ಸೌಲಭ್ಯ ತೆಗೆದುಹಾಕಿತು, ಅದು ನನಗೆ ಈಗಲೂ ಬೇಸರದ ವಿಷಯ. ನೀವು ಫೀಡ್ ಇಡಿ, ಬರೆದದ್ದರ ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ. ಕೋಡಿನ ಬಗ್ಗೆ ಮಾತ್ರವೇ ಬರೆಯಬೇಡಿ. ಪುಣೆಯ ಮಳೆ, ಗಣೇಶ ಹಬ್ಬದ ಢೋಲ್, ಕನ್ನಡ ಸಂಘದಲ್ಲಿ ನೋಡಿದ ನಾಟಕ ಎಲ್ಲ ಬರಲಿ. ಬರೆಯುವ ಮನುಷ್ಯ ಯಾರು ಅಂತ ಗೊತ್ತಾದರೆ ಕೋಡಿನ ಲೇಖನವನ್ನೂ ಜನ ಓದುತ್ತಾರೆ.

ಪ್ರಶ್ನೆ: ಎಂಜಿನಿಯರಿಂಗ್ ಎರಡನೇ ವರ್ಷ. ಬ್ರೌಸರ್ ಕೆಲಸ ಕಲಿಯಬೇಕು. ನನ್ನ ಲ್ಯಾಪ್‌ಟಾಪ್ ಹಳೆಯದು. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿ, ವಾಸ್ಕೋ, ಗೋವಾ

ಫೈರ್‌ಫಾಕ್ಸ್‌ನಿಂದ. ಸಿ ಪ್ಲಸ್ ಪ್ಲಸ್, ರಸ್ಟ್ ಭಾಷೆಗಳು ಈಗಲೇ ಬರಬೇಕು ಅಂತೇನಿಲ್ಲ, ಫೈರ್‌ಫಾಕ್ಸ್‌ನ ಕಣ್ಣಿಗೆ ಕಾಣುವ ಮೇಲ್ಮೈ ಬಹುಪಾಲು ಜಾವಾಸ್ಕ್ರಿಪ್ಟ್ ಮತ್ತು ಸಿಎಸ್‌ಎಸ್‌ನಲ್ಲೇ ಇದೆ. ಪೂರ್ತಿ ಕೋಡ್ ಕಂಪೈಲ್ ಮಾಡಲು (ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರಲು) ಹೋದರೆ ಹಳೆಯ ಲ್ಯಾಪ್‌ಟಾಪಿಗೆ ಗಂಟೆಗಟ್ಟಲೆ ಬೇಕು. ಅದರ ಬದಲು ‘ಆರ್ಟಿಫ್ಯಾಕ್ಟ್ ಬಿಲ್ಡ್’ ಮಾಡಿ, ಕಂಪೈಲ್ ಆಗಿರುವ ಭಾಗಗಳು ಸಿದ್ಧವಾಗಿಯೇ ಇಳಿಯುತ್ತವೆ. ಮೊಜಿಲ್ಲಾದ ದೂರುಗಳ ತಾಣ ಬಗ್‌ಜಿಲ್ಲಾದಲ್ಲಿ ‘ಗುಡ್ ಫಸ್ಟ್ ಬಗ್’ (ಹೊಸಬರಿಗೆ ತಕ್ಕದ್ದು) ಅನ್ನುವ ಗುರುತಿರುವ ದೂರು ಒಂದನ್ನು ಆರಿಸಿ. ನೀವು ಕಳಿಸಿದ ಮೊದಲ ಪ್ಯಾಚ್ (ಕೋಡಿನ ಬದಲಾವಣೆ) ತಿದ್ದುಪಡಿ ಕೇಳಿ ವಾಪಸ್ ಬರುವುದು ಮಾಮೂಲು. ಪರಿಶೀಲಿಸಿದವರು ಬರೆದದ್ದನ್ನು ನಿಧಾನವಾಗಿ ಓದಿ, ತಿದ್ದಿ, ಮತ್ತೆ ಕಳಿಸಿ.