ಅಕ್ಕಿ ಡಬ್ಬದ ಸದ್ದು ಏಳನೇ ಪುಟದಲ್ಲಿದೆ

ಪ್ರಿಯ ತಂಗಿಗೆ,

ಕರ್ತನಲ್ಲಿ ವಂದನೆಗಳು. ‘ದೇವರ ಸನ್ನಿಧಿಯಲ್ಲಿ ಶಾಂತಿ ಮತ್ತು ಸಮೃದ್ಧಿ’ ಅಂತ ಹೆಸರಿಟ್ಟು, ಅಡಿಕೆ ಬೆಳೆ ಹೋಗಿ ಮನೆಯಲ್ಲಿ ಅಕ್ಕಿ ತೀರಿದ ದಿನಗಳ ಬಗ್ಗೆ ನೀವು ಹೊಸನಗರದಿಂದ ಕಳಿಸಿದ ಹನ್ನೊಂದು ಪುಟ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಶಿವಮೊಗ್ಗದ ಈ ಪುಟ್ಟ ಮಾಸಿಕಕ್ಕೆ ಸಂಪಾದಕ, ಪ್ರೂಫ್ ನೋಡುವವನು, ವಿಳಾಸದ ಚೀಟಿ ಅಂಟಿಸುವವನು ಎಲ್ಲಾ ನಾನೇ.

ನೇರವಾಗಿ ಹೇಳುತ್ತೇನೆ. ಲೇಖನವನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ಸೂ ಕಳಿಸುತ್ತಿಲ್ಲ. ಏಳನೇ ಪುಟದ ನಡುವೆ ನೀವು ಒಂದು ಸಾಲು ಬರೆದಿದ್ದೀರಿ: ‘ಅಮ್ಮ ಪಾವಿನಲ್ಲಿ ಅಕ್ಕಿ ಡಬ್ಬದ ತಳ ಕೆರೆಯುವ ಸದ್ದಿಗೆ ನನಗೆ ಎಚ್ಚರವಾಯಿತು.’ ತಗಡಿಗೆ ತಗಡು ತಾಗುವ ಆ ಸದ್ದು ನನಗೂ ಗೊತ್ತು. ತುಂಬಿದ ಡಬ್ಬ ಆ ಸದ್ದು ಮಾಡುವುದಿಲ್ಲ. ಲೇಖನ ಶುರುವಾಗುವುದೇ ಅಲ್ಲಿಂದ. ಅದಕ್ಕೆ ಮುಂಚಿನ ಆರೂವರೆ ಪುಟದಲ್ಲಿ ನೀವೇ ಇಲ್ಲ.

ಆ ಆರೂವರೆ ಪುಟದಲ್ಲಿ ಇರುವುದೇನು? ಬೈಬಲ್ ವಚನಗಳು. ಸುಮ್ನೆ ಹೇಳುತ್ತಿಲ್ಲ, ಎಣಿಸಿದ್ದೇನೆ, ಕೊನೆಯ ಪುಟದ್ದೂ ಸೇರಿ ಹತ್ತೊಂಬತ್ತು. ನಮ್ಮ ಓದುಗರಲ್ಲಿ ಜಾಸ್ತಿ ಜನ ಸಂಡೇ ಸ್ಕೂಲಿನಲ್ಲೇ ಅವನ್ನು ಬಾಯಿಪಾಠ ಮಾಡಿದವರು. ಕಣ್ಣು ಓಡಿಸಿ ಮುಂದೆ ಹೋಗಿಬಿಡುತ್ತಾರೆ. ಒಂದನ್ನು ಇಟ್ಟುಕೊಳ್ಳಿ, ಅದರ ಹತ್ತಿರ ಸ್ವಲ್ಪ ಹೊತ್ತು ಕೂರಿ. ಉಳಿದ ಹದಿನೆಂಟು ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನೊಂದು. ದೇವರ ಶಾಂತಿ ‘ಮರುಭೂಮಿಯ ನೀರಿನ ಬುಗ್ಗೆಯಂತೆ’ ಅಂತ ಮೂರು ಕಡೆ ಬರೆದಿದ್ದೀರಿ. ನಿಮ್ಮ ಮನೆಯಿಂದ ಮರುಭೂಮಿ ಎಷ್ಟು ದೂರ? ಕೀರ್ತನೆ ಹಾಡಿದ ದಾವೀದನ ನಾಡಿನಲ್ಲಿ ನೀರು ಅಪರೂಪ. ಹಾಗಾಗಿ 23ನೇ ಕೀರ್ತನೆಯ ಕುರುಬ ಕುರಿಗಳನ್ನು ನೀರಿನ ಬಳಿಗೆ ಕರೆದೊಯ್ಯುತ್ತಾನೆ. ಪುಷ್ಯ ಮಳೆಯಲ್ಲಿ ಹೊಸನಗರದವರಿಗೆ ನೀರಿನ ಕೊರತೆಯೇ? ಹೆಂಚಿನಿಂದ, ಗೋಡೆಯಿಂದ, ಕಾಲಡಿಯಿಂದ ಬರುವುದೆಲ್ಲ ನೀರೇ. ಅಡಿಕೆ ಕೊಳೆಸುವುದೂ ಅದೇ ನೀರು. ಹದಿನೈದು ದಿನ ಬಿಸಿಲು ಕಾಣದ ಮನೆಯಲ್ಲಿ ನೆಮ್ಮದಿ ಅಂದರೆ ಬುಗ್ಗೆಯಲ್ಲ, ಒಂದು ಹೊತ್ತಿನ ಹೊಳವು. ಹಗ್ಗದ ಮೇಲೆ ಬಟ್ಟೆ ಹಾಕುವಷ್ಟು ಹೊತ್ತು ಮಳೆ ನಿಂತರೆ ಸಾಕು ಅನ್ನಿಸುತ್ತದಲ್ಲ, ಅದು. ‘ಹೊಳವು’ ಅನ್ನುವ ಮಾತು ನಿಮ್ಮ ಹನ್ನೊಂದು ಪುಟದಲ್ಲಿ ಒಮ್ಮೆಯೂ ಬಂದಿಲ್ಲ. ಮನೆಯಲ್ಲಿ ದಿನಾ ಆಡುವ ಮಾತು ಅಲ್ವಾ ಅದು?

ಭಾಷೆಯ ಮಾತು ಬಂತು, ಅದನ್ನೂ ಮುಗಿಸಿಬಿಡುತ್ತೇನೆ. ‘ಅನುಗ್ರಹಿಸಲ್ಪಟ್ಟೆವು’, ‘ದಯಪಾಲಿಸಲ್ಪಟ್ಟಿತು’ ಅಂತೆಲ್ಲ ಯಾಕೆ? ಪೆನ್ನು ಹಿಡಿದ ಕೂಡಲೇ ನಮ್ಮ ಕ್ರೈಸ್ತರಿಗೆ ಅದೇನೋ ಆಗಿಬಿಡುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಒಂದು ಕನ್ನಡ, ದೇವರು ಮಾಡಿದ್ದನ್ನು ಹೇಳುವ ಸಾಕ್ಷಿ ಬರೆಯುವಾಗ ಇನ್ನೊಂದು. ಬಾಸೆಲ್ ಮಿಷನ್ನಿನ ಕಿಟೆಲ್ ಸುವಾರ್ತೆ ಸಾರಲು ಬಂದವರು. ಊರವರ ಬಾಯಲ್ಲಿದ್ದ ಮಾತು, ಗಾದೆಗಳನ್ನೆಲ್ಲ ಹೆಕ್ಕಿ ಕೂಡಿಸಿ 1894ರಲ್ಲಿ ಅಷ್ಟು ದೊಡ್ಡ ನಿಘಂಟು ಕೊಟ್ಟುಹೋದರು. ಹೊರಗಿನಿಂದ ಬಂದವರಿಗೆ ನಮ್ಮ ಮಾತಿನ ಮೇಲೆ ಇದ್ದ ಗೌರವ ನಮಗೂ ಸ್ವಲ್ಪ ಇರಲಿ. ಸತ್ಯವೇದದ ಕನ್ನಡ ಸತ್ಯವೇದದಲ್ಲಿ ಚೆಂದ. ನಿಮ್ಮ ಅಡುಗೆಮನೆಗೆ ಅದನ್ನು ತರಬೇಡಿ.

ಈಗ ಮುಖ್ಯ ವಿಷಯ. ಮೊನ್ನೆ ಫೋನಿನಲ್ಲಿ ಮಾತಾಡಿದಾಗ ನೀವು ಹೇಳಿದ್ದಕ್ಕೂ ಬರೆದದ್ದಕ್ಕೂ ಇರುವ ದೂರ ನೋಡಿ ಆಶ್ಚರ್ಯವಾಯಿತು. ಬರೆದದ್ದು ಇಷ್ಟು: ‘ಕೊಳೆರೋಗದಿಂದ ಬೆಳೆ ನಾಶವಾಯಿತು. ಮಾನವ ಪ್ರಯತ್ನ ವ್ಯರ್ಥವೆಂದು ಅರಿತೆವು.’ ಫೋನಿನಲ್ಲಿ ಹೇಳಿದ್ದು ಬೇರೆಯೇ. ಅಪ್ಪ ಮಳೆ ಹಿಡಿಯುವ ಮುಂಚೆ ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಸಿದ್ದರು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿದ ಮೇಲೆ ಹೊಳೆಯುವ ಕತ್ತಿ ಅದ್ದಿ, ಎತ್ತಿ, ಅಲಗಿಗೆ ಕೆಂಪು ಹಿಡಿದಿದೆಯೋ ಅಂತ ನೋಡಿದ್ದರು. ಹಿಡಿದಿತ್ತು, ಅಂದರೆ ಸುಣ್ಣ ಸಾಲದು, ಇನ್ನೊಂದಿಷ್ಟು ಸುಣ್ಣದ ನೀರು ಹಾಕಿದರು. ನಲವತ್ತು ನಲವತ್ತೈದು ದಿನಕ್ಕೆ ಎರಡನೇ ಸಲ ಹೊಡೆಯಬೇಕಿತ್ತು. ಮಳೆ ಬಿಡಲಿಲ್ಲ. ಒದ್ದೆ ಮರ ಹತ್ತಲು ಯಾರೂ ಒಪ್ಪಲಿಲ್ಲ. ಅಪ್ಪ ಒತ್ತಾಯವನ್ನೂ ಮಾಡಲಿಲ್ಲ, ‘ಅಡಿಕೆ ಹೋದ್ರೆ ಹೋಗ್ಲಿ, ಮರದಿಂದ ಜನ ಬೀಳೋದು ಬೇಡ’ ಅಂದರು.

ತಂಗಿ, ಇದನ್ನು ‘ವ್ಯರ್ಥ’ ಅಂತ ಒಂದೇ ಮಾತಿನಲ್ಲಿ ಒರೆಸಿಹಾಕಲು ನಿಮಗೆ ಮನಸ್ಸಾದರೂ ಹೇಗೆ ಬಂತು? ಕತ್ತಿ ಅದ್ದಿ ನೋಡಿದ ಆ ಮನುಷ್ಯ ಅಸಡ್ಡೆ ಮಾಡಿದವರಲ್ಲ. ಅರ್ಧ ಎಕರೆ ತೋಟದ ವರ್ಷದ ಫಸಲು ಉದುರುತ್ತಿರುವಾಗ ಅವರು ಆಡಿದ ಮಾತು ನೋಡಿ. ದೇವರ ಸನ್ನಿಧಿ ಅಂತ ನೀವು ನಾಲ್ಕು ಪುಟ ವಿವರಿಸಿದ್ದು ಆ ತೋಟದಲ್ಲೇ ನಿಂತಿತ್ತು ಅಂತ ನನಗೆ ಅನ್ನಿಸುತ್ತದೆ. ಹಾಗಂತ ಅದನ್ನು ನೀವು ಬಿಡಿಸಿ ಹೇಳಬೇಡಿ. ಕತ್ತಿ ತೋರಿಸಿ, ಆ ಮಾತು ಬರೆಯಿರಿ, ಮುಂದಕ್ಕೆ ಹೋಗಿ.

ಆಮೇಲೆ ಅಕ್ಕಿಯ ವಿಷಯ. ‘ಅದ್ಭುತಕರವಾದ ರೀತಿಯಲ್ಲಿ ದೇವರು ನಮ್ಮ ಕೊರತೆಯನ್ನು ನೀಗಿಸಿದನು’ ಅಂತ ಬರೆದು ಪೂರ್ಣವಿರಾಮ ಹಾಕಿದ್ದೀರಿ. ಯಾವ ರೀತಿ? ನಾನು ಕೇಳಿದೆ, ನೀವು ಸ್ವಲ್ಪ ತಡವರಿಸಿದಿರಿ. ಕೊನೆಗೆ ಹೇಳಿದಿರಿ. ಪಕ್ಕದ ತೋಟದ ಅಮ್ಮ ಮಳೆಗೆ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಬಂದು ಜಗಲಿಯ ಮೇಲೆ ಅರ್ಧ ಚೀಲ ಅಕ್ಕಿ ಇಳಿಸಿದರು. ಸಾಲ ಅಂತಲೂ ಅನ್ನಲಿಲ್ಲ, ದಾನ ಅಂತಲೂ ಅನ್ನಲಿಲ್ಲ. ‘ನಮ್ಮನೇಲಿ ಇಟ್ರೆ ಹುಳ ಬೀಳುತ್ತೆ ಮಾರಾಯ್ತಿ, ನೀನೇ ಇಟ್ಕೋ’ ಅಂದು ಹೊರಟೇಬಿಟ್ಟರು.

ಹುಳವೂ ಇಲ್ಲ, ಏನೂ ಇಲ್ಲ ಅಂತ ನಿಮ್ಮಮ್ಮನಿಗೂ ಗೊತ್ತು, ಆ ಅಮ್ಮನಿಗೂ ಗೊತ್ತು. ಕೊಡುವವರು ತೆಗೆದುಕೊಳ್ಳುವವರ ಮರ್ಯಾದೆ ಕಾಯುವುದು ಅಂದರೆ ಅದು. ಅಡವಿಯಲ್ಲಿ ಇಸ್ರಾಯೇಲರಿಗೆ ದೇವರಿಂದ ದಿನದಿನಕ್ಕೆ ಸಿಕ್ಕ ಆಹಾರ, ಆ ಮನ್ನಾ ಕೂಡ ಹಾಗೇ ತಾನೆ? ನಾಳೆಗೆ ಅಂತ ಮುಚ್ಚಿಟ್ಟವರ ಪಾಲಿಗೆ ಹುಳ ಬಿತ್ತು. ಆ ಅಮ್ಮ ಈ ಕಥೆ ಬರುವ ವಿಮೋಚನಕಾಂಡ ಓದಿದವರಲ್ಲ, ತುಳಸಿಕಟ್ಟೆಗೆ ದೀಪ ಹಚ್ಚುವವರು. ಅವರನ್ನು ಲೇಖನದಿಂದ ಬಿಟ್ಟಿದ್ದು ಅದಕ್ಕೇ ಅಂತ ನನ್ನ ಗುಮಾನಿ. ತಪ್ಪಿದ್ದರೆ ಹೇಳಿ.

ಪ್ರವಾದಿ ಎಲೀಯನ ಕಥೆ ನೀವೇ ಎರಡನೇ ಪುಟದಲ್ಲಿ ತಂದಿದ್ದೀರಿ. ಅದನ್ನೇ ಇನ್ನೊಮ್ಮೆ ನಿಧಾನವಾಗಿ ಓದಿ, 1 ಅರಸುಗಳು 17. ಬರಗಾಲದಲ್ಲಿ ಕೆರೀತ್ ಹಳ್ಳದ ಹತ್ತಿರ ಅವನಿಗೆ ರೊಟ್ಟಿ, ಮಾಂಸ ತಂದುಕೊಟ್ಟದ್ದು ಕಾಗೆಗಳು. ಮೋಶೆಯ ಧರ್ಮಶಾಸ್ತ್ರದಲ್ಲಿ ಕಾಗೆ ಅಶುದ್ಧ ಪಕ್ಷಿ. ಆಮೇಲೆ ಆ ಹಳ್ಳವೂ ಬತ್ತಿತು. ದೇವರೇ ತೋರಿಸಿದ ಹಳ್ಳ ಬತ್ತಿತು ಅನ್ನುವುದನ್ನು ನಮ್ಮ ಚರ್ಚಿನ ಪ್ರಸಂಗಗಳಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ. ಅಲ್ಲಿಂದ ಅವನು ಹೋಗಿದ್ದು ಚೀದೋನಿನ ಚಾರೆಪ್ತಕ್ಕೆ, ಒಬ್ಬ ವಿಧವೆಯ ಮನೆಗೆ. ಆಕೆ ಅನ್ಯಳು, ಇಸ್ರಾಯೇಲಿನವಳಲ್ಲ. ಇದನ್ನು ಯೇಸು ನಜರೇತಿನ ಸಭಾಮಂದಿರದಲ್ಲಿ ನೆನಪಿಸಿದಾಗ ಜನ ಸಿಟ್ಟಿಗೆದ್ದು ಅವನನ್ನು ಊರಾಚೆಗೆ ಅಟ್ಟಿದರು. ಅಂದಮೇಲೆ ನಿಮ್ಮ ಪಕ್ಕದ ಮನೆಯ ಅಮ್ಮನನ್ನು ಹೆಸರಿಲ್ಲದೆಯಾದರೂ ಬರೆಯಲು ಏನು ಅಡ್ಡಿ?

ಆ ವಿಧವೆಯ ಮಡಕೆಯ ವಿಷಯ ಇನ್ನೊಂದಿದೆ. ಮಡಕೆ ತುಂಬಿ ತುಳುಕಿತು ಅಂತ ಅಲ್ಲಿ ಬರೆದಿಲ್ಲ. ಹಿಟ್ಟು ತೀರಲಿಲ್ಲ, ಎಣ್ಣೆ ಮುಗಿಯಲಿಲ್ಲ, ಅಷ್ಟೇ. ಅಂದರೆ ಆಕೆಯೂ ದಿನಾ ಬೆಳಿಗ್ಗೆ ಮಡಕೆಯ ತಳ ಕೆರೆದಿರಬೇಕು ಅಂತ ನನ್ನ ಊಹೆ. ಪ್ರತಿ ದಿನ ಒಂದು ಹಿಡಿ ಸಿಕ್ಕಿರಬೇಕು. ನಿಮ್ಮಮ್ಮ ಕೆರೆದ ಡಬ್ಬದ ಪಕ್ಕದಲ್ಲಿ ಆ ಮಡಕೆಯನ್ನು ಇಡಬಹುದಿತ್ತು. ನೀವು ಇಟ್ಟದ್ದು ‘ಸಮೃದ್ಧಿ’ ಅನ್ನುವ ಶಬ್ದವನ್ನು. ಅರ್ಧ ಚೀಲ ಅಕ್ಕಿ ಸಮೃದ್ಧಿ ಅಲ್ಲ. ಅದು ಹೊತ್ತಿಗೆ ಒದಗಿದ್ದು. ‘ಒದಗಿತು’ ಅನ್ನುವಷ್ಟು ಒಳ್ಳೆಯ ಮಾತು ಕೈಯಲ್ಲಿರುವಾಗ ತಲೆಬರಹದಲ್ಲಿ ಸಮೃದ್ಧಿ ಯಾಕೆ?

ಈ ಶಬ್ದದ ಮೇಲೆ ನನಗೆ ಇಷ್ಟು ಸಿಟ್ಟು ಯಾಕೆ ಅಂತ ಹೇಳಬೇಕು. ತುಂಬಾ ವರ್ಷದ ಹಿಂದೆ ಇದೇ ಪತ್ರಿಕೆಯಲ್ಲಿ ಒಂದು ಸಾಕ್ಷಿ ಹಾಕಿದ್ದೆ. ಸುತ್ತಲಿನ ತೋಟಕ್ಕೆಲ್ಲ ಕೊಳೆ ಬಂತು, ನಾವು ಪ್ರಾರ್ಥಿಸಿದ್ದರಿಂದ ನಮ್ಮದು ಉಳಿಯಿತು ಅಂತ. ಚೆನ್ನಾಗಿದೆ ಅಂತ ಮೊದಲ ಪುಟಕ್ಕೇ ಹಾಕಿದ್ದೆ. ಎರಡು ವಾರದ ಮೇಲೆ ತೀರ್ಥಹಳ್ಳಿ ಕಡೆಯ ಒಬ್ಬರು ಬಂದರು. ಕೊಡೆಯನ್ನು ಬಾಗಿಲಿಗೆ ಒರಗಿಸಿ, ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಒಂದೇ ಮಾತು ಕೇಳಿದರು. ‘ನಮ್ಮನೇಲೂ ದಿನಾ ಪ್ರಾರ್ಥನೆ ಇತ್ತು ಸಾರ್.’ ಜಗಳಕ್ಕೆ ಬಂದವರಲ್ಲ. ನಿಜವಾಗಿ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚಹಾ ತರಿಸಿದೆ, ಇಬ್ಬರೂ ಕುಡಿದೆವು, ಅವರು ಬಸ್ಸಿಗೆ ಹೋದರು. ಅವತ್ತಿನಿಂದ ಯಾವ ಸಾಕ್ಷಿ ಬಂದರೂ ಅವರು ಎದುರಿಗೆ ಕೂತಿದ್ದಾರೆ ಅಂದುಕೊಂಡೇ ಓದುತ್ತೇನೆ. ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಹಾಗೆ ಕೇಳುವವರು ಹೋಬಳಿಗೆ ನೂರು ಜನ ಸಿಗುತ್ತಾರೆ.

ಅವರಿಗೂ ಓದಲು ಆಗುವ ಹಾಗೆ ಬರೆಯಿರಿ. ಪ್ರವಾದಿ ಹಬಕ್ಕೂಕನ ಪುಸ್ತಕದ ಕೊನೆಯ ಅಧ್ಯಾಯ ನೋಡಿ. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಬಿಡಲಿಲ್ಲ, ಎಣ್ಣೆಮರ ಕೈಕೊಟ್ಟಿತು, ಹೊಲದಲ್ಲಿ ಅನ್ನವಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಆದರೂ ದೇವರಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ಆ ಪಟ್ಟಿಯ ಕೊನೆಯಲ್ಲಿ ಯಾರೂ ಅಕ್ಕಿ ಚೀಲ ತಂದಿಳಿಸುವುದಿಲ್ಲ. ನಿಮ್ಮ ಲೇಖನದಲ್ಲಿ ಮೊದಲು ಪ್ರಾರ್ಥನೆ, ಆಮೇಲೆ ಅಕ್ಕಿ, ಅಕ್ಕಿ ಬಂದ ಮೇಲೆ ಶಾಂತಿ. ಅಕ್ಕಿ ಬಂದ ಮೇಲೆ ಶಾಂತಿ ಯಾರಿಗಾದರೂ ಬರುತ್ತದೆ. ಡಬ್ಬದ ತಳ ಕೆರೆದ ಆ ಬೆಳಿಗ್ಗೆ ಅಮ್ಮನ ಮನಸ್ಸು ಹೇಗಿತ್ತು? ಅಳುತ್ತಿದ್ದರೇ? ದೇವರ ಮೇಲೆ ಸಿಟ್ಟು ಬಂದಿತ್ತೇ? ಒಲೆ ಹಚ್ಚಿದರೇ, ಸುಮ್ಮನೆ ಕೂತರೇ? ಮೊಣಕಾಲೂರಿದ್ದರು ಅಂತ ಬರೆದಿದ್ದೀರಿ, ಆದರೆ ಅದು ನೀವು ಕಂಡದ್ದೋ ಆಮೇಲೆ ಸೇರಿಸಿದ್ದೋ ನನಗೆ ಅನುಮಾನ. ಊಹಿಸಿ ಬರೆಯಬೇಡಿ. ಅಮ್ಮ ಇದ್ದಾರಲ್ಲ, ಕೇಳಿ. ‘ಏನೂ ಅನ್ನಿಸಲಿಲ್ಲ ಕಣೇ, ಗಂಜಿಗೆ ಸಾಕಾಗುತ್ತಾ ಅಂತ ನೋಡ್ತಿದ್ದೆ’ ಅಂದರೆ ಅದನ್ನೇ ಬರೆಯಿರಿ.

ಕೊನೆಯ ಪುಟದಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ ಮಾತು ಹಾಕಿದ್ದೀರಿ, ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನು ನೀಗಿಸುವನು ಅಂತ. ಬಿಡಿಸಿ ತೆಗೆದ ವಚನ. ಪೌಲ ಅದನ್ನು ಬರೆದದ್ದು ಸೆರೆಯಲ್ಲಿ ಕೂತು. ಅದಕ್ಕೆ ಹಿಂದಿನ ವಚನದಲ್ಲಿ, ಎಪಫ್ರೊದೀತನ ಕೈಲಿ ನೀವು ಕಳಿಸಿದ್ದು ಬಂದು ಮುಟ್ಟಿತು ಅನ್ನುತ್ತಾನೆ. ಅಂದರೆ ಆ ದೊಡ್ಡ ಮಾತು ಇರುವುದು, ಸಾಮಾನು ಕಳಿಸಿದವರಿಗೆ ಬರೆದ ಕೃತಜ್ಞತೆಯ ಪತ್ರದಲ್ಲಿ. ತಂದುಕೊಟ್ಟವನ ಹೆಸರನ್ನು ಪೌಲ ಬಿಟ್ಟಿಲ್ಲ. ಹತ್ತೊಂಬತ್ತರಲ್ಲಿ ಒಂದನ್ನು ಉಳಿಸುವುದಾದರೆ ನಾನಾಗಿದ್ದರೆ ಇದನ್ನೇ ಉಳಿಸುತ್ತಿದ್ದೆ, ಹಿಂದಿನ ವಚನದ ಜೊತೆಗೆ.

ಲೆಕ್ಕದ ಬಗ್ಗೆಯೂ ಒಂದು ಮಾತು. ‘ಸಾಕಷ್ಟು ಸಾಲ’, ‘ಬಹಳ ನಷ್ಟ’ ಬೇಡ. ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳ ಮನೆಗಳನ್ನು ನಡೆಸಿದ ಜಾರ್ಜ್ ಮುಲ್ಲರ್ (1805–1898) ಯಾರ ಹತ್ತಿರವೂ ಕೈಚಾಚದೆ ದೇವರನ್ನೇ ಕೇಳಿದವರು ಅಂತ ನಾವೆಲ್ಲ ಹೇಳುತ್ತೇವೆ. ಬಂದ ಒಂದೊಂದು ಪೆನ್ನಿಯನ್ನೂ ಬರೆದಿಟ್ಟು ವರದಿ ಅಚ್ಚು ಹಾಕಿಸುತ್ತಿದ್ದರು ಅನ್ನುವುದನ್ನು ಮರೆಯುತ್ತೇವೆ. ಸೊಸೈಟಿ ಸಾಲ ಎಷ್ಟಿತ್ತು, ಆ ವರ್ಷ ಎಷ್ಟು ಕೆಜಿ ಅಡಿಕೆ ಸಿಕ್ಕಿತು, ಅಪ್ಪ ಒಪ್ಪಿದರೆ ಬರೆಯಿರಿ. ಒಪ್ಪದಿದ್ದರೆ ಬೇಡ, ಅದು ಅವರ ಮನೆಯ ವಿಷಯ. ಹಾಗೇ ಪಕ್ಕದ ಮನೆಯ ಅಮ್ಮನಿಗೂ ಅಚ್ಚಿಗೆ ಮುಂಚೆ ಓದಿ ಹೇಳಿ. ಕೊಟ್ಟಿದ್ದನ್ನು ಊರಿಗೆಲ್ಲ ಸಾರುವುದು ಅವರಿಗೆ ಇಷ್ಟವಿಲ್ಲದಿರಬಹುದು.

ಹನ್ನೊಂದು ಪುಟ ಬೇಡ, ನಾಲ್ಕು ಸಾಕು. ಕ್ರಿಸ್ಮಸ್ ಸಂಚಿಕೆಗೆ ಬೇಡ, ಅದರಲ್ಲಿ ಎಲ್ಲರೂ ನಕ್ಷತ್ರದ ಬಗ್ಗೆಯೇ ಬರೆದಿರುತ್ತಾರೆ. ಜನವರಿಗೆ ಇಟ್ಟುಕೊಳ್ಳೋಣ, ಆಗ ನಿಮ್ಮ ಕಡೆ ಅಡಿಕೆ ಗೊನೆ ಕೊಯ್ಲಿನ ಗಡಿಬಿಡಿಯೂ ಸ್ವಲ್ಪ ತಗ್ಗಿರುತ್ತದೆ. ನವೆಂಬರ್ ಮುಗಿಯುವುದರೊಳಗೆ ಕಳಿಸಿ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ನಿಮ್ಮ ಇಂಕು ಹಿಂದಕ್ಕೆ ಇಳಿದು ನನಗೆ ಎರಡು ಸಾಲು ಒಟ್ಟಿಗೆ ಕಾಣುತ್ತದೆ.

ಎರಡು ಪ್ರಶ್ನೆ ಉಳಿದಿವೆ. ಆ ಅಕ್ಕಿ ಕುಚ್ಚಲಕ್ಕಿಯೋ ಬೆಳ್ತಿಗೆಯೋ? ಮತ್ತೆ, ಆ ಡಬ್ಬ ಇನ್ನೂ ಮನೆಯಲ್ಲಿದೆಯೇ? ಇದ್ದರೆ ಅದರ ಒಂದು ಫೋಟೊ ಕಳಿಸಿ. ತೊಳೆದು ಬೆಳಗಿಸಬೇಡಿ, ಇದ್ದ ಹಾಗೇ ಇರಲಿ.

ಇತಿ,
ಸಂಪಾದಕ