ಸಂಪಾದಕರ ಉತ್ತರ: ಕಿರು ಜಲವಿದ್ಯುತ್ತಿಗೆ ನಮ್ಮ ತಕರಾರು ಏನು?

ಕಾವೇರಿಯ ಮೇಲೆ ಇನ್ನಷ್ಟು ಕಿರು ಜಲವಿದ್ಯುತ್ ಘಟಕಗಳು ಬೇಡ ಎಂದು ಹೋದ ಸಂಚಿಕೆಯಲ್ಲಿ ನಾವು ಬರೆದ ಟಿಪ್ಪಣಿಗೆ ಮಳವಳ್ಳಿ ತಾಲ್ಲೂಕಿನ ಓದುಗರೊಬ್ಬರು ಕಟುವಾದ, ಆದರೆ ನ್ಯಾಯವಾದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಮೈಸೂರಿನಲ್ಲಿ ಕುಳಿತವರಿಗೆ ದಿನವಿಡೀ ಕರೆಂಟು ಇರುತ್ತದೆ, ನದಿಯ ಪಕ್ಕದಲ್ಲೇ ಇರುವ ರೈತನ ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುವುದು ನಡುರಾತ್ರಿ. ಹೊಗೆಯಿಲ್ಲದೆ, ಮುಳುಗಡೆಯಿಲ್ಲದೆ, ಸುಮ್ಮನೆ ಹರಿದುಹೋಗುವ ನೀರಿನಿಂದ ವಿದ್ಯುತ್ ತೆಗೆದರೆ ಯಾರಿಗೆ ಏನು ನಷ್ಟ? ತಮ್ಮ ಊರಿನ ಹತ್ತಿರ ಅಂಥದೊಂದು ಘಟಕದ ಪ್ರಸ್ತಾಪವಿದ್ದು, ಸದ್ಯದಲ್ಲೇ ಗ್ರಾಮಸಭೆ ಸೇರಲಿದೆ ಎಂದೂ ಅವರು ತಿಳಿಸಿದ್ದಾರೆ.

ಮೊದಲು ಪಂಪ್‌ಸೆಟ್ಟಿನ ಮಾತು, ಏಕೆಂದರೆ ಪತ್ರದ ನೋವು ಇರುವುದು ಅಲ್ಲಿ. ನದಿಯ ದಂಡೆಯಲ್ಲಿ ತಯಾರಾದ ವಿದ್ಯುತ್ ದಂಡೆಯ ಊರಿನಲ್ಲೇ ಉಳಿಯುವುದಿಲ್ಲ; ಅದು ನೇರವಾಗಿ ವಿದ್ಯುತ್ ಜಾಲವಾದ ಗ್ರಿಡ್‌ಗೆ ಸೇರುತ್ತದೆ. ನಿಮ್ಮ ಊರಿಗೆ ವಿದ್ಯುತ್ ತರುವ ಫೀಡರ್‌ಗೆ ಹಗಲು ಎಷ್ಟು ಗಂಟೆ, ರಾತ್ರಿ ಎಷ್ಟು ಗಂಟೆ ತ್ರೀ ಫೇಸ್ ಕೊಡಬೇಕೆಂಬುದನ್ನು ತೀರ್ಮಾನಿಸುವುದು ವಿತರಣಾ ಕಂಪನಿಯ ವೇಳಾಪಟ್ಟಿಯೇ ಹೊರತು ಪಕ್ಕದಲ್ಲಿ ತಿರುಗುವ ಟರ್ಬೈನ್ ಅಲ್ಲ. ಇದಕ್ಕೆ ನಮ್ಮ ಜಿಲ್ಲೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ವಿದ್ಯುತ್ ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬೆಳಕು ಬಂತು. ತಂತಿ ತಲೆಯ ಮೇಲೆಯೇ ಹಾದುಹೋಗುತ್ತಿದ್ದ ಹಳ್ಳಿಗಳು ಅದಾದ ಮೇಲೂ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು. ಹಗಲು ಹೊತ್ತಿನಲ್ಲಿ ಗದ್ದೆಗೆ ನೀರು ಹಾಯಿಸಬೇಕೆಂಬುದು ನಿಮ್ಮ ಬೇಡಿಕೆಯಾದರೆ, ಅದಕ್ಕೆ ನೇರವಾದ ದಾರಿ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಡಿ ಕೃಷಿ ಫೀಡರ್‌ಗಳಿಗೆ ಸೌರ ವಿದ್ಯುತ್ ಜೋಡಿಸುವುದು. ಆ ಬೇಡಿಕೆಯನ್ನು ನಿಮ್ಮ ಜೊತೆ ನಿಂತು ಕೇಳಲು ಈ ಪತ್ರಿಕೆ ಸಿದ್ಧವಿದೆ.

ಇನ್ನು ಮುಳುಗಡೆಯಿಲ್ಲವೆಂಬ ವಾದ. ಕಿರು ಘಟಕದಲ್ಲಿ ದೊಡ್ಡ ಜಲಾಶಯ ಇರುವುದಿಲ್ಲ, ನಿಜ. ಆದರೆ ನದಿಗೆ ಅಡ್ಡಲಾಗಿ ಒಂದು ಒಡ್ಡು ಕಟ್ಟಿ, ನೀರನ್ನು ನಾಲೆಗೆ ತಿರುಗಿಸಿ, ಇಳಿಜಾರಿನ ಕೊಳವೆಯಲ್ಲಿ ಟರ್ಬೈನ್‌ಗೆ ಬೀಳಿಸಿ, ಕೆಳಗೆಲ್ಲೋ ಮತ್ತೆ ನದಿಗೆ ಬಿಡುತ್ತಾರೆ. ಒಡ್ಡಿನಿಂದ ಆ ಜಾಗದವರೆಗಿನ ನದಿಯ ಕಥೆ ಏನು? ಬೇಸಿಗೆಯಲ್ಲಿ ಶಿವನಸಮುದ್ರದ ಗಗನಚುಕ್ಕಿ ಜಲಪಾತದ ಎದುರು ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ: ಕಣ್ಣೆದುರು ಕರಿಬಂಡೆಗಳು ಬಿಸಿಲಿಗೆ ಕಾದಿರುತ್ತವೆ, ಮೇಲಿನ ನಾಲೆಯಲ್ಲಿ ಮಾತ್ರ ನೀರು ಹರಿಯುತ್ತಿರುತ್ತದೆ. ನದಿ ಬತ್ತಿದ್ದರಿಂದ ಮಾತ್ರ ಬಂಡೆ ಒಣಗಿದ್ದಲ್ಲ, ಇದ್ದಷ್ಟು ನೀರೂ ಪಕ್ಕಕ್ಕೆ ಸರಿದದ್ದರಿಂದ ಒಣಗಿದ್ದು. ಇಂಥ ಒಣ ತುಂಡು ಒಂದಿದ್ದರೆ ನದಿ ಸಹಿಸಿಕೊಂಡೀತು. ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರುವಂತೆ ಘಟಕಗಳು ಸಾಲುಗಟ್ಟಿದರೆ ಉಳಿಯುವುದು ನದಿಯಲ್ಲ, ನಾಲೆಗಳ ಸರಣಿ.

ಟರ್ಬೈನ್ ನಿಂತಾಗ ಇಳಿದು, ಚಾಲೂ ಆದಾಗ ಏರುವ ನೀರಿನ ತೊಂದರೆ ಮೊದಲು ತಟ್ಟುವುದು ಹರಿಗೋಲು ಹಾಕಿ ಬದುಕುವವರಿಗೆ. ಸಂಜೆ ಮೊಣಕಾಲುದ್ದ ನೀರಿನಲ್ಲಿ ಕಟ್ಟಿದ ಬಲೆ ಬೆಳಗ್ಗೆ ಒಂದೋ ಕೆಸರಿನಲ್ಲಿ ಬಿದ್ದಿರುತ್ತದೆ, ಇಲ್ಲವೇ ಕೊಚ್ಚಿಹೋಗಿರುತ್ತದೆ. ದಂಡೆಯ ಜಲ್ಲಿಯಲ್ಲಿ ಮೊಟ್ಟೆಯಿಟ್ಟ ಮೀನಿನ ಗತಿಯೂ ಅದೇ. ಕಾವೇರಿ ಕೊಳ್ಳವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಬದುಕದ, ಬೆನ್ನುಬ್ಬಿನ ಮಹಶೀರ್ ಮೀನು 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಅದರ ಸಂಕಟಕ್ಕೆ ಸಿಡಿಮದ್ದಿನ ಬೇಟೆ, ಮರಳು ದಂಧೆ, ಹೊರಗಿನಿಂದ ತಂದುಬಿಟ್ಟ ಮೀನುತಳಿಗಳೂ ಕಾರಣವೆಂಬುದನ್ನು ಮರೆಯಬಾರದು. ಒಡ್ಡುಗಳ ಮೇಲಷ್ಟೇ ಗೂಬೆ ಕೂರಿಸುವುದು ಅನ್ಯಾಯ. ಆದರೂ ಆಳವಾದ ಮಡುವಿಗೂ ಮೊಟ್ಟೆಯಿಡುವ ಹರಿನೀರಿಗೂ ನಡುವೆ ಓಡಾಡಬೇಕಾದ ಮೀನಿಗೆ ಅಡ್ಡಗೋಡೆ ಎಂದರೆ ಏನೆಂದು ಊಹಿಸುವುದು ಕಷ್ಟವಲ್ಲ.

ನಮ್ಮ ಮುಖ್ಯ ತಕರಾರು ಇರುವುದು ಇಲ್ಲಿ. 2006ರ ಪರಿಸರ ಪರಿಣಾಮ ಅಧಿಸೂಚನೆ 25 ಮೆಗಾವ್ಯಾಟ್‌ಗಿಂತ ಕಡಿಮೆ ಸಾಮರ್ಥ್ಯದ ಜಲವಿದ್ಯುತ್ ಘಟಕಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಅದರಡಿ ಅಧ್ಯಯನವಿಲ್ಲ, ಸಾರ್ವಜನಿಕ ಅಹವಾಲು ಸಭೆಯಿಲ್ಲ, ಒಂದೇ ನದಿಯ ಮೇಲಿನ ಹಲವು ಘಟಕಗಳ ಒಟ್ಟು ಪರಿಣಾಮವನ್ನು ಯಾರೂ ಕೂಡಿಸಿ ನೋಡಬೇಕಾಗಿಲ್ಲ. ಚಿಕ್ಕದು ಎಂಬ ಒಂದೇ ಕಾರಣಕ್ಕೆ ನಿರುಪದ್ರವಿ ಎಂದು ಮೊದಲೇ ತೀರ್ಪು ಕೊಟ್ಟಂತಾಯಿತು. ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪು 740 ಟಿಎಂಸಿ (ಶತಕೋಟಿ ಘನ ಅಡಿ) ನೀರಿನಲ್ಲಿ ಪರಿಸರಕ್ಕೆಂದು 10 ಟಿಎಂಸಿ ಎತ್ತಿಟ್ಟಿತಾದರೂ, ಇಂಥ ಒಡ್ಡಿನ ಕೆಳಗೆ ಇಂಥ ತಿಂಗಳಲ್ಲಿ ಇಷ್ಟು ನೀರು ಇರಲೇಬೇಕೆಂಬ ಲೆಕ್ಕಕ್ಕೆ ಆ ಅಂಕಿ ಉತ್ತರವಾಗದು.

ಜಲವಿದ್ಯುತ್ತೇ ಬೇಡ ಎಂದು ನಾವು ಹೇಳಿದೆವೆಂದು ಪತ್ರದಲ್ಲಿದೆ. ಹಾಗೆ ಹೇಳಿಲ್ಲ, ಹೇಳುವುದೂ ಇಲ್ಲ. ಪಾವಗಡದ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಮಾದರಿ; ಆದರೆ ಸಂಜೆ ಆರರ ನಂತರ, ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ, ಅಲ್ಲಿನ ಉತ್ಪಾದನೆ ಸೊನ್ನೆ. ಕೆಲವೇ ನಿಮಿಷಗಳಲ್ಲಿ ಚಾಲೂ ಆಗಿ ಆ ಹೊರೆಯನ್ನು ಹೊರಬಲ್ಲದ್ದು ಸಂಗ್ರಹವಿರುವ ಜಲಾಶಯದ ವಿದ್ಯುತ್. ಆ ಗುಣ, ಹರಿದಷ್ಟೇ ನೀರನ್ನು ನೆಚ್ಚಿಕೊಂಡ ಕಿರು ಘಟಕಕ್ಕೆ ಹೆಚ್ಚೇನೂ ಇಲ್ಲ. ಹಾಗಾಗಿ ಈಗಾಗಲೇ ಇರುವ ಅಣೆಕಟ್ಟು, ಈಗಾಗಲೇ ನೀರು ಧುಮುಕುತ್ತಿರುವ ನಾಲೆಯ ಇಳಿತ, ಹಳೆಯ ಕೇಂದ್ರಗಳ ಸವೆದ ಯಂತ್ರ, ಇವುಗಳಿಂದ ತೆಗೆಯಬಹುದಾದ ವಿದ್ಯುತ್ತನ್ನು ಮೊದಲು ತೆಗೆಯಲಿ ಎಂಬುದು ನಮ್ಮ ನಿಲುವು. ಅಲ್ಲಿ ಹೊಸದಾಗಿ ಒಣಗುವ ನದಿಯಿಲ್ಲ.

ಕಾವೇರಿಗೆ ಕಟ್ಟಬೇಕೆಂದಿರುವ ಮೇಕೆದಾಟು ಅಣೆಕಟ್ಟಿನ ಬಗ್ಗೆಯೂ ಕೇಳಿದ್ದೀರಿ. 67.16 ಟಿಎಂಸಿ ಸಂಗ್ರಹ, 400 ಮೆಗಾವ್ಯಾಟ್ ವಿದ್ಯುತ್, ಮುಳುಗುವುದು ಸುಮಾರು 5,000 ಹೆಕ್ಟೇರ್, ಅದರಲ್ಲಿ ಬಹುಪಾಲು ಕಾಡು. ಬೆಂಗಳೂರಿನ ಕುಡಿಯುವ ನೀರಿನ ಪ್ರಶ್ನೆಯನ್ನು ಆ ಹೆಸರಿನಲ್ಲೇ ಚರ್ಚಿಸೋಣ. ವಿದ್ಯುತ್ತನ್ನು ಅದಕ್ಕೆ ಮೆರುಗಾಗಿ ಬಳಸುವುದು ಬೇಡ.

ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ಇಲ್ಲದಿದ್ದರೆ ಮಂಡ್ಯವೆಲ್ಲಿತ್ತು ಎಂಬ ನಿಮ್ಮ ಪ್ರಶ್ನೆಗೆ ನಾವು ತಲೆಬಾಗುತ್ತೇವೆ. ಶಿವನಸಮುದ್ರಕ್ಕೆ ಬೇಸಿಗೆಯಲ್ಲಿ ನೀರು ಸಾಲದೆ ಹೋದದ್ದೂ 1911ರಲ್ಲಿ ಆ ಕಟ್ಟೆಯ ಕೆಲಸ ಆರಂಭವಾಗಲು ಒಂದು ಕಾರಣ. ಆದರೆ ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿಯೇ ನೀರಿನಡಿ ಹೋಯಿತು. ವೇಣುಗೋಪಾಲಸ್ವಾಮಿ ದೇವಾಲಯದ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಲು ಸಾಧ್ಯವಾಯಿತು. ಊರನ್ನು ಹಾಗೆ ಕಟ್ಟಲಾಗಲಿಲ್ಲ. ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿ 60 ವರ್ಷ ಕಳೆದರೂ ಶರಾವತಿ ಸಂತ್ರಸ್ತರು ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ನಾಡಿಗಾಗಿ ಕಳೆದುಕೊಂಡವರ ಲೆಕ್ಕ ತೀರಿಸದೆ ಹೊಸ ತ್ಯಾಗ ಕೇಳುವ ನೈತಿಕ ಹಕ್ಕು ಯಾವ ಸರ್ಕಾರಕ್ಕೂ ಇಲ್ಲವೆಂದು ನಾವು ನಂಬುತ್ತೇವೆ.

ನಿಮ್ಮ ಗ್ರಾಮಸಭೆಯಲ್ಲಿ ಬೇಕು, ಬೇಡ ಎಂದು ಕೈಯೆತ್ತುವ ಮೊದಲು ಕೆಲವು ಕಾಗದಗಳನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ಒಡ್ಡಿನಿಂದ ನೀರು ಮರಳುವ ಜಾಗದವರೆಗೆ ಎಷ್ಟು ದೂರ, ಆ ತುಂಡಿನಲ್ಲಿ ಮಾರ್ಚ್‌ನಿಂದ ಮೇ ತನಕ ಎಷ್ಟು ನೀರು ಬಿಡುತ್ತಾರೆ, ಅದನ್ನು ಅಳೆಯುವ ಮಾಪಕ ಊರಿನವರು ನೋಡುವಂತೆ ಇರುತ್ತದೆಯೇ, ಮೇಲೆ ಕೆಳಗೆ ಇನ್ನೆಷ್ಟು ಘಟಕಗಳಿವೆ ಎಂಬುದು ಬರಹದಲ್ಲಿರಲಿ. ಜಾಗ ಅರಣ್ಯಕ್ಕೆ ಸೇರಿದ್ದರೆ, 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿಗಳಿಗೆ ಮೀನು ಮತ್ತು ಇತರ ಜಲೋತ್ಪನ್ನಗಳ ಮೇಲೂ ಸಮುದಾಯದ ಹಕ್ಕನ್ನು ಮಾನ್ಯ ಮಾಡುತ್ತದೆ. ಆ ಅರ್ಜಿಗಳು ಇತ್ಯರ್ಥವಾಗಿವೆಯೇ ಎಂದು ವಿಚಾರಿಸಿ. ಜಮೀನಿಲ್ಲದ ಹರಿಗೋಲಿನವರ ಹೆಸರು ಸಂತ್ರಸ್ತರ ಪಟ್ಟಿಯಿಂದ ಬಿಟ್ಟುಹೋಗುವುದೇ ಹೆಚ್ಚು. ಅವರನ್ನು ಸಭೆಗೆ ಕರೆತನ್ನಿ. ಉತ್ತರಗಳು ಬಂದ ಮೇಲೆ ನಮಗೂ ಒಂದು ಪ್ರತಿ ಕಳುಹಿಸಿದರೆ, ಅವು ಘಟಕದ ಪರವಾಗಿದ್ದರೂ ವಿರುದ್ಧವಾಗಿದ್ದರೂ ಪೂರ್ತಿಯಾಗಿ ಪ್ರಕಟಿಸುತ್ತೇವೆ.