ಮಂಗಳೂರು–ಉಡುಪಿ ದೂರ ಎಕ್ಸೆಲ್‌ನಲ್ಲಿ 0.48 ಅಂತ ಬರ್ತಿದೆ, ಎಲ್ಲಿ ತಪ್ಪಿದೆ?

ನೀವು ಕೂಡಿಸಿದ್ದು ಸರಿಯೇ ಇದೆ. ಆದರೆ ಆ 0.48 ಕಿಲೋಮೀಟರ್ ಅಲ್ಲ, ಡಿಗ್ರಿ. ಅಕ್ಷಾಂಶ, ರೇಖಾಂಶ ಅಂತ ಮಂಗಳೂರಿಗೆ 12.87, 74.84, ಉಡುಪಿಗೆ 13.34, 74.75 ಹಾಕಿ, ವ್ಯತ್ಯಾಸಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದಿದ್ದೀರಿ. ಡಿಗ್ರಿಯನ್ನು ಕಿಲೋಮೀಟರ್‌ಗೆ ತರೋದು ಬಾಕಿ ಉಳಿದಿದೆ, ಅಷ್ಟೇ.

ಅಕ್ಷಾಂಶದ ಒಂದು ಡಿಗ್ರಿ ಅಂದ್ರೆ ಸುಮಾರು 111.2 ಕಿ.ಮೀ. ರೇಖಾಂಶ ಹಾಗಲ್ಲ. ಆ ಗೆರೆಗಳೆಲ್ಲ ಧ್ರುವದಲ್ಲಿ ಹೋಗಿ ಸೇರುತ್ತವೆ ಅಲ್ವಾ, ಉತ್ತರಕ್ಕೆ ಹೋದಷ್ಟೂ ನಡುವಿನ ಜಾಗ ಕಿರಿದಾಗುತ್ತದೆ. ಅದಕ್ಕೇ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ನಮ್ಮ ಕರಾವಳಿಯಲ್ಲಿ ರೇಖಾಂಶದ ಒಂದು ಡಿಗ್ರಿ 108 ಚಿಲ್ಲರೆ ಕಿ.ಮೀ. ಈಗ ಉತ್ತರಕ್ಕೆ 52.3, ಪಶ್ಚಿಮಕ್ಕೆ 9.7, ನೇರ ದೂರ 53 ಕಿ.ಮೀ. ಹೆದ್ದಾರಿ 66ರಲ್ಲಿ ಹೋದರೆ ಸ್ವಲ್ಪ ಜಾಸ್ತಿ.

ಊರೂರಿನ ನಡುವೆ ಇಷ್ಟು ಸಾಕು. ದೂರದ ಊರಿಗೆ ಸಾಲದು. ಮಂಗಳೂರಿಂದ ದುಬೈಗೆ ಇದೇ ರೀತಿ, ಮಂಗಳೂರಿನ ಕೊಸೈನ್ ಹಿಡಿದು ಮಾಡಿದರೆ 2,526 ಕಿ.ಮೀ. ಬರುತ್ತದೆ. ಭೂಮಿ ದುಂಡಗಿರೋದನ್ನೂ ಲೆಕ್ಕಕ್ಕೆ ಹಿಡಿಯುವ ಹಾವರ್‌ಸೈನ್ ಸೂತ್ರದಲ್ಲಿ 2,467. ಉಡುಪಿಗೆ ಹೋಗುವಷ್ಟು ದೂರ ಸುಮ್ನೆ ಸೇರಿಕೊಂಡಿತು! ಹಾವರ್‌ಸೈನ್‌ಗೆ ಭೂಮಿಯ ತ್ರಿಜ್ಯ 6,371 ಕಿ.ಮೀ. ಹಾಕಿ. ಎಕ್ಸೆಲ್‌ನ ಸೈನ್, ಕೊಸೈನ್‌ಗಳಿಗೆ ರೇಡಿಯನ್ (ಕೋನ ಅಳೆಯುವ ಇನ್ನೊಂದು ಮಾನ) ಬೇಕು, ಡಿಗ್ರಿ ಕೊಟ್ಟರೆ ಏನೇನೋ ಉತ್ತರ ಬರುತ್ತದೆ.

ಆದರೆ ಸೂತ್ರಕ್ಕಿಂತ ಮೊದಲು ನಿಮ್ಮ ಅಂಕಿಗಳನ್ನೇ ನೋಡಿ. ನಾನು ಸೋತಿದ್ದು ಅಲ್ಲೇ. ಮಲ್ಪೆಯಲ್ಲಿ ನಮ್ಮ ಭಾವನ ಬೋಟಿನ ಜಿಪಿಎಸ್ ನೋಡಿ ಬಂದರಿನ ಜಾಗ ಬರೆದುಕೊಂಡಿದ್ದೆ: 13 ಡಿಗ್ರಿ 21 ಮಿನಿಟು, 74 ಡಿಗ್ರಿ 42 ಮಿನಿಟು. ಮನೆಗೆ ಬಂದು 13.21, 74.42 ಅಂತ ಟೈಪ್ ಮಾಡಿದೆ. ಮ್ಯಾಪ್ ತೆರೆದರೆ ಬಂದರು 34 ಕಿ.ಮೀ. ದೂರ, ನಡುಕಡಲಲ್ಲಿ! ಡಿಗ್ರಿಗೆ 60 ಮಿನಿಟು, ಹಾಗಾಗಿ ಮಿನಿಟನ್ನು 60ರಿಂದ ಭಾಗಿಸಬೇಕಿತ್ತು: 13.35, 74.70.

ಬೋಟಿನವರು ಮಿನಿಟು ಇಟ್ಟುಕೊಳ್ಳೋದಕ್ಕೆ ಕಾರಣ ಇದೆ. ಅಕ್ಷಾಂಶದ ಒಂದು ಮಿನಿಟು ಅಂದ್ರೆ ಒಂದು ನಾಟಿಕಲ್ ಮೈಲು, 1.852 ಕಿ.ಮೀ. 21 ಇದ್ದದ್ದು 26 ಆದರೆ ಐದು ಮೈಲು ಉತ್ತರಕ್ಕೆ ಬಂದೆವು ಅಂತ ಬೋಟು ನಡೆಸುವ ತಾಂಡೇಲರು ನಿಂತಲ್ಲೇ ಹೇಳಿಬಿಡುತ್ತಾರೆ.

ನಿಮ್ಮ ಪಟ್ಟಿ ಉದ್ದ ಇದ್ದರೆ ಬಿಂದುವಿನ ಮುಂದಿನ ಎರಡು ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಎಲ್ಲೂ 59 ದಾಟಿಲ್ಲ ಅಂದ್ರೆ ಅವು ಮಿನಿಟುಗಳೇ ಇರಬೇಕು.